ದೊಡ್ಡವ್ವನ ತುಪ್ಪದ ಡಬ್ಬಿ

ಬೆಣ್ಣೆ ಕಾಸುವ ವಾಸನೆಯಿಂದಲೇ ನಮ್ಮ ಓಣಿಗೆ ಸೋಮವಾರ ಬಂತೆಂದು ತಿಳಿಯುತ್ತಿದ್ದ ಕಾಲವದು, ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯಲ್ಲಿ ನಮ್ಮ ದೊಡ್ಡವ್ವ ಗೌರಮ್ಮ ತುಪ್ಪದ ವ್ಯಾಪಾರ ಮಾಡಿಕೊಂಡಿದ್ದಳು. ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಶಾಮನೂರು, ಆನೆಕೊಂಡದ ಹೆಂಗಸರು ಸೋಮವಾರ ಬೆಳಿಗ್ಗೆಯೇ ಬುಟ್ಟಿಯಲ್ಲಿ ಬೆಣ್ಣೆ ತರುತ್ತಿದ್ದರು. ವೀಳ್ಯದೆಲೆ, ನಾಲ್ಕು ಕಾಳು ಮೆಂತ್ಯ ಹಾಕಿ ದೊಡ್ಡವ್ವ ಕಾಸುತ್ತಿದ್ದಳು. ತಳದ ಗಸಿಗೆ ಬೆಲ್ಲ ಕಲಸಿ ರೊಟ್ಟಿಯಲ್ಲಿ ಸುತ್ತಿ ಕೂಗಿದರೆ, ಕುಂಟಾಬಿಲ್ಲೆ ಬಿಟ್ಟು ಓಡಿ ಬರುತ್ತಿದ್ದೆ.

ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ಅಕ್ಷರ ದುಂಡಗಾಗಿತ್ತು. ಡಬ್ಬಿಗೆ ಅಂಟಿಸುವ ಚೀಟಿ ಬರೆಯುವ ಕೆಲಸ ನನ್ನದಾಯಿತು: ‘ಶುದ್ಧ ಬೆಣ್ಣೆ ತುಪ್ಪ’.

ಆ ಬೇಸಿಗೆಯಲ್ಲಿ ಎಮ್ಮೆಗಳ ಹಾಲು ಬತ್ತಿ, ಬರುವ ಬೆಣ್ಣೆ ಅರ್ಧಕ್ಕಿಳಿಯಿತು. ಖಾಯಂ ಗಿರಾಕಿಗಳನ್ನು ಬರಿಗೈಲಿ ಕಳಿಸಲಾರದೆ ದೊಡ್ಡವ್ವ ಎಣ್ಣೆಯಿಂದ ಮಾಡಿದ ಅಗ್ಗದ ವನಸ್ಪತಿ ತರಿಸಿ, ತುಪ್ಪಕ್ಕೆ ಒಂದೆರಡು ಸೌಟು ಸೇರಿಸತೊಡಗಿದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಆಹಾರ ತಪಾಸಣೆಯ ಇನ್‌ಸ್ಪೆಕ್ಟರು ಬಂದರು. “ಬರ್ರಿ, ಕೂಡ್ರಿ” ಎಂದ ದೊಡ್ಡವ್ವ ಮಜ್ಜಿಗೆ ತರಲು ಒಳಗೆ ಹೋದಳು. ಅವರು ಡಬ್ಬಿ ತಿರುಗಿಸಿ ನೋಡಿದರು.

“ಅಕ್ಷರ ಭಾಳ ಚೆಂದ ಐತಲ್ಲ, ಯಾರು ಬರೆದಿದ್ದು?”

“ನಾನೇ ರೀ.”

“ಹೌದಾ! ಇದರಾಗೆ ಏನೇನು ಹಾಕ್ತಾರೆ ಗೊತ್ತೇನು?”

ಪಾಠ ಒಪ್ಪಿಸುವ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ: “ಬೆಣ್ಣೆ, ವೀಳ್ಯದೆಲೆ, ಮೆಂತ್ಯ. ಈಗ ಬೆಣ್ಣೆ ಸಾಲಲ್ಲ ಅಂತ ವನಸ್ಪತಿ.”

ಮಜ್ಜಿಗೆ ಲೋಟ ಹಿಡಿದು ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. “ಅದೇನು ವಿಷ ಅಲ್ಲ ಸಾಹೇಬ್ರೆ. ಎಲ್ಲಾರ ಮನ್ಯಾಗೂ ತಿಂತಾರೆ.”

“ವಿಷ ಅಂತ ನಾನೂ ಅನ್ನಲ್ಲ ತಾಯಿ. ಚೀಟಿ ಮ್ಯಾಲೆ ಅದನ್ನ ಬರೆದಿಲ್ಲವಲ್ಲ.”

ಮೂರು ಬಾಟಲಿಗೆ ತುಪ್ಪ ತುಂಬಿ, ಅರಗಿನ ಮುದ್ರೆ ಒತ್ತಿ ಪರೀಕ್ಷೆಗೆಂದು ಒಯ್ದರು. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ. “ನಾನು ಹೇಳಬಾರದಿತ್ತಾ ದೊಡ್ಡವ್ವಾ?”

“ಸುಳ್ಳೇನು ಹೇಳಿಲ್ಲಲ್ಲ? ಮತ್ತ್ಯಾಕ ಅಳ್ತಿ? ಉಣ್ಣು.”

ಕೋರ್ಟಿನಲ್ಲಿ ಅವಳು ತಪ್ಪು ಒಪ್ಪಿಕೊಂಡು ದಂಡ ಕಟ್ಟಿದಳು. ವರ್ಷಗಟ್ಟಲೆ ನಮ್ಮಲ್ಲಿ ತುಪ್ಪ ಒಯ್ದವರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿದರು. ಬೆಣ್ಣೆಯವರು ಬೇರೆ ಬಾಗಿಲು ಹಿಡಿದರು. ಶ್ರಾವಣ ಬರುವ ಮೊದಲೇ ಮನೆ ಖಾಲಿ ಮಾಡಿ ಹರಿಹರದ ಸೋದರಮಾವನ ಮನೆ ಸೇರಿದೆವು. ಹತ್ತು ಜನರ ಆ ಮನೆಯಲ್ಲಿ ಅಡುಗೆಯೆಲ್ಲ ದೊಡ್ಡವ್ವನದಾಯಿತು. ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಪಾತ್ರೆಗೆ ತಟ್ಟೆ ಮುಚ್ಚಿ, “ಹೊರಗೆ ಆಡು ಹೋಗವ್ವ” ಎನ್ನುತ್ತಿದ್ದಳು.

ಈಗ ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗಿರುವುದನ್ನೆಲ್ಲ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ನ್ಯಾಯವೇ, ಆ ಇನ್‌ಸ್ಪೆಕ್ಟರ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವ್ವ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದಳು. ನನ್ನ ಮದುವೆ ಮಾಡಿದಳು, ಎರಡು ಬಾಣಂತನ ಮಾಡಿದಳು, ಒಂದು ದಿನವೂ ಬೈಯಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಒಲೆ ಮುಂದಿನಿಂದ, “ಬಾ ಇಲ್ಲಿ, ಇದಕ್ಕೇನು ಹಾಕೀನಿ ನೋಡು” ಎಂದು ನನ್ನನ್ನು ಕರೆಯಲಿಲ್ಲ.