ಎಡ ತಿರುವಿನಲ್ಲಿ ಬೀಳುತ್ತಿದ್ದ ಸೂಜಿ

ಹೋದ ವಾರ ಅಫಜಲಪುರದ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಎಣ್ಣೆ ಬದಲಿಸುತ್ತಿದ್ದರು. ತಳದ ಬೋಲ್ಟ್ ಬಿಚ್ಚಿದ್ದೇ ತಡ, ಕಪ್ಪು ಎಣ್ಣೆ ಬಿಸಿಬಿಸಿಯಾಗಿ ಡಬ್ಬಿಗೆ ಸುರಿಯಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ವೈನಿ ನೆನಪಾದರು...

ವೈನಿ ನನ್ನ ಅಣ್ಣನ ಹೆಂಡತಿ. ಕೊಳಕೂರಿನ ಒಕ್ಕಲುತನದ ಮನೆಯವರು. ಚಿಕ್ಕಂದಿನಿಂದಲೇ ಟ್ರ್ಯಾಕ್ಟರ್ ಹೊಡೆದವರು. ಮದುವೆಗೆ ಮುಂಚೆಯೇ ಮಣ್ಣಿನ ಟ್ರ್ಯಾಕಿನ ಕಾರ್ ರೇಸುಗಳಿಗೆ ಹೋಗುತ್ತಿದ್ದರು. ಪಕ್ಕದ ಸೀಟಿನಲ್ಲಿ ಮೀಟರು ನೋಡುತ್ತ ಅವರ ತಮ್ಮ ಕೂರುತ್ತಿದ್ದ. ಒಂದು ರೇಸಿನಲ್ಲಿ ತಿರುವಿನ ನಡುವೆಯೇ ಎಂಜಿನ್ ಜಾಮ್ ಆಗಿ, ಚಕ್ರ ಕಚ್ಚಿಕೊಂಡು, ಕಾರು ಉರುಳಿತು. ವೈನಿಗೆ ತರಚು ಗಾಯವಾಯಿತು. ತಮ್ಮ ಮತ್ತೆಂದೂ ಎದ್ದು ನಡೆಯಲಿಲ್ಲ. ಬಹಳ ಕಾಲ ಅವರು ಸ್ಟೇರಿಂಗ್ ಮುಟ್ಟಲಿಲ್ಲವಂತೆ. ಕೊನೆಗೆ ಆ ತಮ್ಮನೇ ಹಟ ಹಿಡಿದು ಅವರನ್ನು ಮತ್ತೆ ರೇಸಿಗೆ ಕಳಿಸಿದ. ಅವನ ಸೀಟಿಗೆ ನಾನು ಬಂದೆ.

ಆ ಸಲ ಭೂಸನೂರಿನ ಕಡೆ, ಕಬ್ಬು ಕಡಿದ ಹೊಲದಲ್ಲಿ ಟ್ರ್ಯಾಕ್ ಮಾಡಿದ್ದರು. ಕೊನೆಗೆ ಉದ್ದನೆಯ ಎಡ ತಿರುವು. ಅದರಾಚೆ ಹಳೆಯ ಬಾವಿ. ಅಡ್ಡಲಾಗಿ ಟೈರು ಪೇರಿಸಿದ್ದರು. ಪ್ರ್ಯಾಕ್ಟೀಸಿನ ದಿನ ಆ ತಿರುವು ಹೊಕ್ಕೊಡನೆ ಎಣ್ಣೆಯ ಪ್ರೆಶರ್ ತೋರಿಸುವ ಸೂಜಿ ಸೊನ್ನೆಗೆ ಬಿತ್ತು. ತಿರುವು ದಾಟಿದ ಮೇಲೆ ಎದ್ದಿತು. ಹೇಳಿದಾಗ ವೈನಿಯ ಮುಖ ಬಿಳುಪೇರಿತು.

“ತಮ್ಮಾ, ಪರಾತದಾಗ ನೀರು ಹಿಡ್ಕೊಂಡು ಗರ್ರನ ತಿರುಗಿದ್ರ ನೀರು ಒಂದ ಕಡಿ ಸರೀತೈತಿಲ್ಲ? ಎಣ್ಣಿನೂ ಹಂಗ ಸರ್ಯಾಕತ್ತೈತಿ. ಪಂಪು ಬರೇ ಗಾಳಿ ಎಳೀತೈತಿ. ಎಣ್ಣಿ ಇಲ್ಲಂದ್ರ ಎಂಜಿನ್ ಕಚ್ಚಿ ಹಿಡೀತೈತಿ,” ಎಂದರು. ಆಮೇಲೆ ಮೆಲ್ಲಗೆ, “ಅವತ್ತೂ ಹಿಂಗ ಆಗಿತ್ತು...”

ಅಣ್ಣ ಫಿಟ್ಟರ್. ಎಂಜಿನ್ ತಳದ ಎಣ್ಣೆಯ ಚೇಂಬರ್ ಬಿಚ್ಚಿ, ಪಂಪಿನ ಬಾಯಿಯ ಸುತ್ತ ತಗಡಿನ ಗೋಡೆ ಬೆಸುಗೆ ಹಾಕಿ, ಅದಕ್ಕೆ ಪುಟ್ಟ ಬಾಗಿಲುಗಳನ್ನು ತೂಗುಹಾಕಿದ. ಅವು ಒಳಕ್ಕೆ ಮಾತ್ರ ತೆರೆಯುತ್ತಿದ್ದವು. ಎಣ್ಣೆ ಒಳಗೆ ಬರಬಹುದು, ಹೊರಗೆ ಓಡುವಂತಿಲ್ಲ. ವೈನಿ ಒಂದೊಂದನ್ನೂ ಬೆರಳಿನಿಂದ ತಳ್ಳಿ ತಳ್ಳಿ ನೋಡಿದರು. ಎಣ್ಣೆಯನ್ನೂ ತುಸು ಹೆಚ್ಚಿಗೆ ಹಾಕಿಸಿದರು. ಆದರೂ ರೇಸಿನ ಬೆಳಿಗ್ಗೆ ನನ್ನ ಹಣೆಗೆ ವಿಭೂತಿ ಹಚ್ಚಿದ ವೈನಿಯ ಬೆರಳುಗಳು ತಣ್ಣಗಿದ್ದವು.

“ಸೂಜಿ ಬಿತ್ತಂದ್ರ ಒದರು. ನಾ ಯಾಕಂತ ಕೇಳಂಗಿಲ್ಲ.”

“ಆತ್ರಿ ವೈನಿ,” ಎಂದೆ.

ಮೊದಲ ಸುತ್ತುಗಳಲ್ಲಿ ಸೂಜಿ ನಡುಗಿತು, ಬೀಳಲಿಲ್ಲ. ಕೊನೆಯ ಸುತ್ತಿನಲ್ಲಿ ನಮ್ಮ ಮುಂದೆ ಒಂದೇ ಕಾರು ಇತ್ತು. ಎಡ ತಿರುವು ಹೊಕ್ಕೆವು. ಸೂಜಿ ಒಮ್ಮೆಲೇ ಕುಸಿಯಿತು.

“ಬಿತ್ತ್ರಿ ವೈನಿ!”

ಅವರು ಅದೇ ಉಸಿರಿನಲ್ಲಿ ಕ್ಲಚ್ ಒತ್ತಿ ಎಂಜಿನ್ ಬಂದ್ ಮಾಡಿದರು. ಕಾರು ತಿರುವು ಬಿಟ್ಟು ಹೊರಕ್ಕೆ ಜಾರಿತು, ಟೈರುಗಳಿಗೆ ಬಡಿದು ನಿಂತಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಎಲ್ಲೋ ಹತ್ತಿರದಲ್ಲೇ ಕಲ್ಲೊಂದು ನೀರಿಗೆ ಬಿದ್ದ ಸದ್ದು ಕೇಳಿತು. ಅಷ್ಟರಲ್ಲಿ ವೈನಿಯ ಕೈ ತಡವರಿಸುತ್ತ ನನ್ನ ಮೊಣಕಾಲು ಹಿಡಿಯಿತು.

“ಕಾಲು ಆಡಸು ತಮ್ಮಾ... ಕಾಲು ಆಡಸು!”

ಎರಡೂ ಕಾಲು ಆಡಿಸಿ ತೋರಿಸಿದೆ. ಅವರು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತರು.

ಎಣ್ಣೆಯ ಚೇಂಬರ್ ಬಿಚ್ಚಿ ನೋಡಿದರೆ ಒಳಗಿನ ಒಂದು ಪುಟ್ಟ ಬಾಗಿಲಿನ ಕೀಲು ಮುರಿದಿತ್ತು. ಎಂಜಿನ್ ಉಳಿದಿತ್ತು. ಅಣ್ಣ ದಪ್ಪನೆಯ ಕೀಲು ಕೂರಿಸಿದ. ಮುಂದೆ ಜೇವರ್ಗಿ ಕಡೆಯ ರೇಸುಗಳಲ್ಲಿ ಸೂಜಿ ಎಂದೂ ಬೀಳಲಿಲ್ಲ; ಒಂದೆರಡು ಸಲ ಗೆದ್ದೆವು ಕೂಡ. ಆದರೆ ಪ್ರತಿ ತಿರುವಿಗೂ ವೈನಿ ಉಸಿರು ಬಿಗಿಹಿಡಿಯುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಗೊತ್ತಾಗುತ್ತಿತ್ತು.

ವೈನಿ ಈಗಿಲ್ಲ. ಕಾಮಣಿ ಆಗಿ, ಮೈ ಕಣ್ಣೆಲ್ಲ ಹಳದಿಯಾಗಿ, ಆಳಂದದ ಮನೆಯಲ್ಲೇ ತೀರಿಹೋದರು...

ಅಣ್ಣನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಮನೆಯಲ್ಲಿ ಓಡಿಸುತ್ತಿದ್ದವರು ವೈನಿಯೇ. ಈಗ ಭಾನುವಾರಗಳಂದು ನಾನು ಅವನಿಗೆ ಕಲಿಸುತ್ತಿದ್ದೇನೆ. ಮೊನ್ನೆ ಆಳಂದದ ಹೊರಗೆ ಸಣ್ಣದೊಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿಬಿಟ್ಟ. ಅಂಗೈ ಬೆವರನ್ನು ಅಂಗಿಗೆ ಒರೆಸಿಕೊಳ್ಳುತ್ತ, “ಇಷ್ಟ ಅಂಜಿಕಿ ಇಟ್ಕೊಂಡು ಆಕಿ ಹೆಂಗ ಓಡಸ್ತಿದ್ಲೋ?” ಎಂದ.

ಹಿಂದಿನ ಬಸ್ಸು ಹಾರ್ನ್ ಹೊಡೆದಾಗ ಅವನು ಮತ್ತೆ ಗಾಡಿ ಹೊರಡಿಸಿದ; ನಾನು ಪಕ್ಕದಲ್ಲಿ ಮೀಟರಿನ ಸೂಜಿ ನೋಡುತ್ತ ಕೂತೆ.