ಅಕ್ಕ ಕೊಟ್ಟ ಅನುಮತಿ

ಅಕ್ಕನ ಬಲಗೈ ಹೆಬ್ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬಾಳೆಕಾಯಿ ಚಿಪ್ಸ್ ಕರಿದು, ಕಾದ ಎಣ್ಣೆ ಸಿಡಿದು ಅದು ನುಣ್ಣಗಾಗಿತ್ತು. ಎಷ್ಟು ಒತ್ತಿದರೂ ಮೊಬೈಲ್ ಆ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ. “ನನ್ನ ಫೋನಿಗೇ ನನ್ನ ಗುರ್ತ ಇಲ್ಲ ಮಾರಾಯ್ತಿ!” ಎಂದು ನಗುತ್ತಿದ್ದರು.

ಕಬಕದಲ್ಲಿ ಅವರ ಮನೆಯ ಹಿಂದಿನ ಕೋಣೆಯೇ ನಮ್ಮ ಆನ್‌ಲೈನ್ ಅಂಗಡಿ. ಅದರ ಯಜಮಾನಿಯಾದ ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಚಿಪ್ಸ್, ಹಲಸಿನ ಹಪ್ಪಳ, ಉಪ್ಪಿನಕಾಯಿ. ಪೊಟ್ಟಣಗಳಿಗೆ ವಿಳಾಸ ಅಂಟಿಸುವುದು ನನ್ನ ಕೆಲಸ. ನಾಲ್ವರು ಕೆಲಸದವರಿಗೂ ಇದ್ದದ್ದು ಒಂದೇ ಪಾಸ್‌ವರ್ಡ್. ಅದು ಗೊತ್ತಿದ್ದರೆ ಗಿರಾಕಿಗಳ ಹೆಸರು, ಫೋನು, ಮನೆ ಎಲ್ಲವೂ ಕಾಣುತ್ತಿತ್ತು.

ಒಂದು ದಿನ ಪರಿಚಯದವನೊಬ್ಬ, “ನನ್ನ ಪಾರ್ಸೆಲ್ ಎಲ್ಲಿಗೆ ಮುಟ್ಟಿತು ಅಂತ ನೋಡ್ತೇನೆ” ಎಂದು ಪಾಸ್‌ವರ್ಡ್ ಕೇಳಿದ. ಕೊಟ್ಟುಬಿಟ್ಟೆ. ಅವನು ಹುಡುಕಿದ್ದು ಹೆಂಡತಿಯ ವಿಳಾಸ. ಅವನ ಹೊಡೆತ ತಾಳಲಾರದೆ ಮಗಳೊಂದಿಗೆ ನೆಲ್ಯಾಡಿಯಲ್ಲಿ ಬಾಡಿಗೆಗಿದ್ದ ಆಕೆ ನಮ್ಮಿಂದ ಉಪ್ಪಿನಕಾಯಿ ತರಿಸುತ್ತಿದ್ದಳು. ಮರುದಿನವೇ ಅವನು ಅವಳ ಬಾಗಿಲಲ್ಲಿ ನಿಂತು ಕೂಗಾಡಿದನಂತೆ.

ವಿಷಯ ತಿಳಿದಾಗ ಅಳುತ್ತಾ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಬೈಯಲಿಲ್ಲ. ಸೀರೆ ಬದಲಿಸಿ, ನನ್ನನ್ನೂ ಕರೆದುಕೊಂಡು ನೆಲ್ಯಾಡಿಯ ಬಸ್ಸು ಹತ್ತಿದರು.

ಆಕೆ ಬಾಗಿಲನ್ನು ಅರ್ಧ ಮಾತ್ರ ತೆರೆದಳು. “ಇನ್ನು ಮಗಳನ್ನು ಶಾಲೆ ಬಿಡಿಸ್ಬೇಕು. ಎಲ್ಲಿಗೆ ಹೋಗುದು ನಾನು?”

“ತಪ್ಪು ನನ್ನದು,” ಎಂದರು ಅಕ್ಕ. “ಎಲ್ಲರಿಗೂ ಎಲ್ಲವೂ ಕಾಣುವ ಹಾಗೆ ಇಟ್ಟದ್ದು ನಾನು.”

ನನ್ನ ಹೆಸರು ಎತ್ತಲೇ ಇಲ್ಲ. ಆಕೆ ಆ ವಾರವೇ ಮನೆ ಬಿಟ್ಟಳು. ಎಲ್ಲಿಗೆಂದು ನಾವು ಕೇಳಲಿಲ್ಲ.

ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಬಂತು. ನನಗೆ ಕಾಣುತ್ತಿದ್ದದ್ದು ಸಾಮಾನಿನ ಪಟ್ಟಿ ಮಾತ್ರ. ವಿಳಾಸಗಳನ್ನು ಅಕ್ಕನೇ ಅಂಟಿಸುತ್ತಿದ್ದರು. ನೋವಾಯಿತು, ಆದರೆ ದೂರುವಂತಿರಲಿಲ್ಲ.

ಮರುವರ್ಷ ಅಕ್ಕನಿಗೆ ಕ್ಯಾನ್ಸರ್. ಪುತ್ತೂರಿನ ಆಸ್ಪತ್ರೆಗೆ ಲ್ಯಾಪ್‌ಟಾಪ್ ತರಿಸಿಕೊಂಡು, ಅಂಗಡಿಯ ಪೂರ್ತಿ ಅನುಮತಿಯನ್ನು ನನ್ನ ಹೆಸರಿಗೆ ಬದಲಿಸಿದರು. ಅವರ ಫೋನಿಗೆ ಬಂದ ಒಟಿಪಿಯನ್ನು ಉಸಿರು ಎಳೆದೆಳೆದು ಓದಿ ಹೇಳಿದರು.

“ನನಗೆ ಯಾಕೆ ಅಕ್ಕ? ತಪ್ಪು ಮಾಡಿದ್ದು ನಾನೇ ಅಲ್ವಾ?”

“ಅದಕ್ಕೇ. ನಿನಗೆ ಅದು ಮರೆತುಹೋಗುದಿಲ್ಲ.” ಸ್ವಲ್ಪ ಸುಧಾರಿಸಿಕೊಂಡು, “ಈಗ ನನ್ನ ಹೆಸರು ತೆಗೆ” ಎಂದರು.

“ಈಗಲೇ ಎಂತ ಅವಸರ?”

“ನಾಳೆ ಈ ಫೋನು ಯಾರ ಕೈಗೆ ಹೋಗ್ತದೋ. ಅಷ್ಟು ಜನರ ಮನೆ ವಿಳಾಸ ಉಂಟು ಅದರಲ್ಲಿ.”

ಕಣ್ಣು ಮಂಜಾಗಿ ಅಕ್ಷರಗಳು ಕಾಣಲಿಲ್ಲ. ಅಕ್ಕನೇ ಬೆರಳಿಟ್ಟು ತೋರಿಸಿದರು. ಒತ್ತಿದೆ. ಅವರೇ ಕಟ್ಟಿದ ಅಂಗಡಿಯೊಳಗೆ ಇನ್ನು ಅವರಿಗೆ ಪ್ರವೇಶವಿರಲಿಲ್ಲ.

“ಆಯ್ತು, ನೀನು ಹೊರಡು. ಆರ್ಡರ್ ಬಾಕಿ ಉಂಟು” ಎಂದರು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದ ಸುದ್ದಿ ಬಂದಾಗ, ನಾನು ವಿಳಾಸ ಅಂಟಿಸುತ್ತಿದ್ದೆ.