ಅಂಚಿನ ಕೈ

ಸ್ಫಾಕ್ಸ್ ಊರಿನ ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದನ್ನು ಕಲಿಸುವ ಹಮ್ಮಾದಿ ಮೇಷ್ಟ್ರಿಗೆ, ಶಿಷ್ಯರು ತರುವ ಮನೆಮಂದಿಯ ಫೋಟೋ ಕಂಡರೆ ಸಾಕು, ಮೈಯೆಲ್ಲ ಉರಿ. "ನಿಮ್ಮಜ್ಜನ ತಲೆ ಮೇಲೆ ಖರ್ಜೂರದ ಮರ ಹುಟ್ಟಿದೆಯೇನಮ್ಮ?" "ಪಾಪ, ಅಳಿಯನ ಕಾಲು ಕತ್ತರಿಸೋವಷ್ಟು ಅವನೇನು ತಪ್ಪು ಮಾಡಿದ್ನಯ್ಯಾ?" ಅವರು ಹೊಗಳಿದ್ದನ್ನು ಕೇಳಿದವರಿಲ್ಲ. ಶಿಷ್ಯೆ ಸಿಹೇಮ್ ತಂದ ಹಬ್ಬದೂಟದ ಫೋಟೋದ ಅಂಚಿನಲ್ಲಿ ಕುಸ್ಕುಸ್ ಬಡಿಸುವ ಕೈಯೊಂದಿತ್ತು. "ಇದ್ಯಾರ ಕೈ ಅಂಚಲ್ಲಿ? ಕತ್ತರಿಸಿ ಎಸಿ!" ಎಂದು ಕತ್ತರಿ ಎತ್ತಿದರು. ಸಿಹೇಮ್ ಫೋಟೋ ಕಿತ್ತುಕೊಂಡಳು. "ನಮ್ಮಮ್ಮಂದು, ಮೇಷ್ಟ್ರೇ! ಎಲ್ಲರೂ ತಿಂದು ಏಳೋವರೆಗೂ ಅವಳು ಕೂರಲ್ಲ. ಅವಳ ಫೋಟೋ ಅಂತ ಇರೋದು ಇದೊಂದೇ." ಮೇಷ್ಟ್ರು ಇನ್ನೂ ಜೋರಾಗಿ ಗದರಿದರು: "ಅವಳನ್ನ ಎಳೆದು ಕೂರಿಸೋಕೆ ನಿನಗೇನಾಗಿತ್ತು? ನನ್ನ ಹೆಂಡತಿ ವಸೀಲಾ ಬದುಕಿದ್ದಷ್ಟು ದಿನ, ನಾನು ಫೋಟೋ ತೆಗೆಯೋವಾಗೆಲ್ಲ ನನ್ನ ಹಿಂದೆ ದೀಪ ಹಿಡಿದು ನಿಂತಳು. ನನ್ನ ಹತ್ರ ಅವಳ ಕೈಯೂ ಇಲ್ಲ!"